ಕೆಂಪು ಹಿಂಡಿ ಸೇರದ ಅನ್ನ

ನನ್ನ ಗಂಡ ತೇಗ್ಯು ಸತ್ತಿದ್ದ. ನಮ್ಮ ಮನೆಯಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡುವಂತಿರಲಿಲ್ಲ.

ಬೊಂಡಾಸ್ ಅನ್ನುವ ಹತ್ತು ಕಾಲಿನ ಮೀನು ಹಿಡಿಯಲು ಅವನು ಹೋದ ಬೋಟು ಚಳಿಗಾಲದ ಗಾಳಿಗೆ ಸಿಕ್ಕಿ ಮುಳುಗಿತು. ಒಂದು ಹಲಗೆ ದಡಕ್ಕೆ ಬಂತು. ರಾತ್ರಿ ಮೀನು ಸೆಳೆಯಲು ಬೋಟಿಗೆ ಕಟ್ಟುವ ಸಾಲುದೀಪದ ಬುರುಡೆಯೊಂದು ಒಡೆಯದೆ ತೇಲಿ ಬಂತು. ಗಾಜು ಉಳಿಯಿತು, ಗಂಡಸರು ಉಳಿಯಲಿಲ್ಲ. ಆ ಬೋಟಿನಲ್ಲಿ ಹೋದವರ ಹೆಂಡಿರೆಲ್ಲ ಎದೆ ಬಡಿದುಕೊಂಡು ಅತ್ತರು, ಬಿಳಿ ಉಟ್ಟರು, ಎಡೆ ಇಟ್ಟರು. ನಾನು ಅಳಲಿಲ್ಲ. ಅತ್ತೆ ಅಳಲು ಬಿಡಲಿಲ್ಲ.

"ಯಾರು ಸತ್ರು ಅಂತ ಬಾಯಿ ಬಡ್ಕೋತೀಯೇ? ಮುಚ್ಚು," ಅಂದಳು. ಉಟ್ಟಿದ್ದ ಬಿಳಿ ಲಂಗವನ್ನು ನನ್ನ ಮೈಮೇಲಿಂದಲೇ ಕಿತ್ತು ಒಲೆಗೆ ಹಾಕಿದಳು. ಒಳ್ಳೆಯ ಬಟ್ಟೆ, ಸುಟ್ಟುಹೋಯಿತು.

ಅವಳ ಲೆಕ್ಕ ಹೀಗೆ. ಗಡಿಯಾಚೆಯ ಉತ್ತರದವರು ಸಮುದ್ರದಲ್ಲಿ ಗಡಿ ದಾಟಿದ ಬೋಟುಗಳನ್ನು ಹಿಡಿದುಕೊಂಡು ಹೋಗುತ್ತಾರೆ. ಕೆಲವರನ್ನು ವರ್ಷ ಕಳೆದ ಮೇಲೆ ಬಿಟ್ಟು ಕಳಿಸುತ್ತಾರೆ. ಹಾಗೆ ಬಿಡುಗಡೆಯಾಗಿ ಬಂದವನೊಬ್ಬ ಪಕ್ಕದ ಊರಿನಲ್ಲಿದ್ದ. ನಮ್ಮ ಪೊಲೀಸರು ಅವನು ಉತ್ತರದವರ ಗೂಢಚಾರನೇನೋ ಅಂತ ಕೇಳಿದ್ದನ್ನೇ ಕೇಳಿ ಹಣ್ಣು ಮಾಡಿ ಮನೆಗೆ ಕಳಿಸಿದ ಮಾರನೆಯ ದಿನವೇ ಅತ್ತೆ ಅಲ್ಲಿಗೆ ನಡೆದಳು. ನಾನೂ ಹಿಂದೆ ಹೋದೆ.

"ನನ್ನ ಮಗನ್ನ ಅಲ್ಲಿ ನೋಡಿದ್ಯೇನಪ್ಪಾ?"

"ಇಲ್ಲ ಅಜ್ಜಿ."

"ಅವನ ಹೆಣ ನೋಡಿದ್ಯಾ?"

"ಅಯ್ಯೋ! ಇಲ್ಲ ಅಜ್ಜಿ."

"ಸರಿ ಮತ್ತೆ. ಬದುಕವ್ನೆ."

ಅಷ್ಟೇ. ದಾರಿಯುದ್ದಕ್ಕೂ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ವಾಪಸು ಬಂದಳು, ಮದುವೆ ಗೊತ್ತು ಮಾಡಿಕೊಂಡು ಬಂದವಳ ಹಾಗೆ.

ಅಂದಿನಿಂದ ಮೂರು ವರ್ಷ, ಒಂದು ಹೊತ್ತೂ ತಪ್ಪದೆ, ಪಾತ್ರೆಯಿಂದ ಮೊದಲ ಅನ್ನ ತೇಗ್ಯುವಿನ ಕಂಚಿನ ಬಟ್ಟಲಿಗೆ ಬೀಳುತ್ತಿತ್ತು. ಮುಚ್ಚಳ ಮುಚ್ಚಿ, ಒಲೆಯ ಬಿಸಿ ನೆಲದಡಿ ಹಾಯುವ ಮೂಲೆಯಲ್ಲಿಟ್ಟು, ಮೇಲೆ ರಜಾಯಿ ಹೊದಿಸುತ್ತಿದ್ದಳು. ದೂರ ಹೋದ ಗಂಡಸಿಗೆ ಮನೆಯ ಹೆಂಗಸರು ಹಾಗೆ ಅನ್ನ ಬೆಚ್ಚಗಿಡುವುದು ವಾಡಿಕೆಯೇ. ಬಂದವನೇ ಉಣ್ಣಲಿ ಅಂತ. ಅವನು ಬರುತ್ತಿರಲಿಲ್ಲ. ಅನ್ನ ಚೆಲ್ಲುವಂತಿಲ್ಲವಲ್ಲ. ಸಂಜೆಗೆ ಆ ಬಟ್ಟಲನ್ನು ದೊಡ್ಡ ಬೋಗುಣಿಗೆ ಮಗುಚಿ, ಉಳಿದ ಸೊಪ್ಪು, ಮೂಲಂಗಿ, ಒಂದು ದಪ್ಪ ಚಮಚ ಮೆಣಸಿನಕಾಯಿ ಹಿಂಡಿ ಹಾಕಿ ಕೆಂಪಗೆ ಕಲಸುತ್ತಿದ್ದೆವು. ಒಂದೇ ಬೋಗುಣಿಗೆ ಇಬ್ಬರೂ ಚಮಚ ಹಾಕಿ ಉಣ್ಣುತ್ತಿದ್ದೆವು.

ಮೂರು ವರ್ಷ ನಾನು ನನ್ನ ಗಂಡನ ಪಾಲನ್ನೇ ಉಂಡೆ. ಅದು ನನ್ನ ಗಂಟಲಲ್ಲಿ ಸಲೀಸಾಗಿ ಇಳಿಯಿತು ಅಂದುಕೊಳ್ಳಬೇಡಿ.

ಏಕೆಂದರೆ ನನಗೆ ಗೊತ್ತಿತ್ತು. ಬದುಕಿದ್ದವನಾದರೆ ಎಲ್ಲೋ ಒಂದು ಕಡೆ ಒಂದು ತುತ್ತು ಸಿಕ್ಕಿರುತ್ತದೆ. ಸತ್ತವನಿಗೆ ಮನೆಯವರು ಎಡೆ ಇಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಪಕ್ಕದ ಮನೆಯ ಪಿಲ್‌ನ್ಯೊ ಅಕ್ಕನ ಗಂಡನೂ ಅದೇ ಬೋಟಿನಲ್ಲಿ ಹೋದವನು. ಅವಳು ಮಂತ್ರದವಳನ್ನು ಕರೆಸಿ, ಅನ್ನದ ಬಟ್ಟಲಿಗೆ ಬಿಳಿ ಬಟ್ಟೆ ಕಟ್ಟಿ ಸಮುದ್ರಕ್ಕೆ ಇಳಿಸಿದಳು. ಮೇಲೆತ್ತಿದಾಗ ಅನ್ನದಲ್ಲಿ ಒಂದು ಕೂದಲು ಸಿಕ್ಕಿತು. ಗಂಡ ಬಂದ ಅಂತ ತಬ್ಬಿಕೊಂಡು ಅತ್ತಳು. ಸಮುದ್ರದಲ್ಲಿ ಯಾರ ಕೂದಲು ಬೇಕಾದರೂ ಸಿಗುತ್ತದೆ, ಅದು ಬೇರೆ ಮಾತು. ಆದರೆ ಅವಳ ಗಂಡನಿಗೆ ಒಂದು ಮನೆ ಸಿಕ್ಕಿತು, ಉಣ್ಣಲು ಒಂದು ದಿನ ಸಿಕ್ಕಿತು. ಅವಳ ಮನೆಯಲ್ಲಿ ಎಡೆ ಇಟ್ಟ ದಿನ ನನಗೆ ಹೊಸ್ತಿಲ ಹೊರಗೇ ಕಣ್ಣು. ಬೋಟಿನಲ್ಲಿ ಒಟ್ಟಿಗೆ ಇದ್ದವರು ಒಟ್ಟಿಗೇ ಬಂದಿರುತ್ತಾರೆ. ಗೆಳೆಯ ಒಳಗೆ ಹೋಗಿ ಉಣ್ಣುತ್ತಾನೆ. ನನ್ನವನು ಅಂಗಳದಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತಿರುತ್ತಾನೆ. ಬಾ ಅನ್ನುವವರಿಲ್ಲ.

ಸತ್ತ ದಿನ ಗೊತ್ತಿಲ್ಲದವರಿಗೆ ಚಾಂದ್ರಮಾನದ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಈ ಸಲ ಆ ದಿನ ಬಿಡುವುದಿಲ್ಲ ಅಂದುಕೊಂಡೆ. ಒಂದೇ ಒಂದು ಬಟ್ಟಲು. ನನ್ನ ಕೈಯಿಂದ ಅವನು ಒಂದು ಸಲ ಉಂಡರೆ ಸಾಕಿತ್ತು.

ದಾರಿ ಹೊಳೆದದ್ದು ಬೊಂಡಾಸ್ ಸೀಳುವ ಕಟ್ಟೆಯ ಮೇಲೆ. ಊರಿನ ಹೆಂಗಸರೆಲ್ಲ ಕೂತು ಮೀನಿನ ಹೊಟ್ಟೆ ಸೀಳಿ, ತೊಳೆದು, ಕೋಲಿಗೆ ಪೋಣಿಸುತ್ತಿದ್ದೆವು. ಮಧ್ಯಾಹ್ನಕ್ಕೆ ಕಲಸಿದ ಅನ್ನ ಬಂತು. ದೊಡ್ಡ ಬೋಗುಣಿ, ಸುತ್ತಲೂ ಚಮಚ. ಅಂಗಡಿಯವಳು ಆಗಷ್ಟೇ ಜೊಂಜು ಪಟ್ಟಣಕ್ಕೆ ಹೋಗಿ ಬಂದಿದ್ದಳು. ಅವಳ ಬಾಯಿ ನಿಲ್ಲುತ್ತಿರಲಿಲ್ಲ.

"ಅಲ್ಲಿ ಇದಕ್ಕೆ ಬಿಬಿಂಬಾಪ್ ಅಂತ ಬೋರ್ಡು ಹಾಕವ್ರೆ ಕಣ್ರೇ. ಫಳಫಳ ಬಟ್ಟಲು, ಮೇಲೆ ಹಸಿ ಮಾಂಸ, ಮೊಟ್ಟೆ ಹಳದಿ. ರಾಜರು ಉಣ್ತಿದ್ದದ್ದಂತೆ."

"ರಾಜ ಯಾಕೆ ಕಲಸ್ಕೊಂಡು ಉಣ್ತಾನೆ? ಅವನಿಗೇನು ತಟ್ಟೆಗೆ ಬರಗಾಲವಾ?" ಅಂದಳು ಪಿಲ್‌ನ್ಯೊ ಅಕ್ಕ. "ಗದ್ದೆ ನಾಟಿಯವರು ಮಾಡಿದ್ದು ಇದು. ಬದುವಿನ ಮೇಲೆ ಹತ್ತು ಬಟ್ಟಲು ಹೊತ್ಕೊಂಡು ಯಾರು ಹೋಗ್ತಾರೆ? ಒಂದ್ರಲ್ಲೇ ಸುರಿ, ಕಲಸು, ನುಂಗು."

"ಅಲ್ಲ, ವರ್ಷದ ಕೊನೇ ದಿನ ಹಳೇದು ಉಳೀಬಾರ್ದು ಅಂತ ಎಲ್ಲಾ ಸೇರ್ಸಿ ತಿಂತಿದ್ರು. ನಮ್ಮಜ್ಜಿ ಹೇಳ್ತಿದ್ಲು."

"ನಿಮ್ಮಜ್ಜಿ ಉಳಿಸಿದ್ರೆ ತಾನೇ!"

ಎಲ್ಲರೂ ನಕ್ಕರು. ನನಗೆ ರೇಗಿತು. ನಾನು ಬೆಟ್ಟದ ಒಳನಾಡಿನವಳು, ಇಮ್ಹಾದವಳು. ಊರಿನವರೆಲ್ಲ ನನ್ನನ್ನು ಕರೆಯುವುದೂ ಹಾಗೆಯೇ.

"ಎಲ್ಲಾ ಬುರುಡೆ," ಅಂದೆ. "ಇದು ಎಡೆಯಿಂದ ಹುಟ್ಟಿದ್ದು. ಸತ್ತವರಿಗೆ ಇಟ್ಟದ್ದನ್ನ ಬದುಕಿದ್ದವರು ಒಂದೂ ಬಿಡದೆ ತಿನ್ಬೇಕು. ಬೆಟ್ಟದ ಮೇಲೆ ಸಮಾಧಿ ಮುಂದೆ ಎಡೆ ಇಟ್ರೆ ಅಷ್ಟು ಜನಕ್ಕೆ ಬಟ್ಟಲು ಎಲ್ಲಿಂದ ತರ್ತೀರಿ? ಒಂದೇ ಬಟ್ಟಲಿಗೆ ಎಲ್ಲಾದರಲ್ಲೂ ಒಂದೊಂದು ಚಿಟಿಕೆ ಹಾಕಿ, ಸೋಯಾ ಸಾಸು ಬಿಟ್ಟು ಕಲಸೋದು. ಹಿಂಡಿ ಇಲ್ಲ, ಬೆಳ್ಳುಳ್ಳಿ ಇಲ್ಲ. ನಾವು ಚಿಕ್ಕವರಿದ್ದಾಗ ಅದೇ ಹಬ್ಬ."

"ಹಿಂಡಿ ಇಲ್ದೆ ಅದೇನು ಅನ್ನವೇ? ಗೋಡೆ ಸಾರಿಸೋ ಮಣ್ಣು."

"ಖಾರ ಹಾಕಿದ್ರೆ ಸತ್ತವರು ಹತ್ರ ಬರ್ತಾರೇನೇ, ಮಂಕೇ? ಕೆಂಪು ಕಂಡ್ರೆ ಓಡ್ತಾರೆ."

ಆಗ ಅಂಗಡಿಯವಳು ಚಮಚ ನನ್ನ ಕಡೆ ತೋರಿಸಿ, "ಇಮ್ಹಾದವಳೇ, ನಿಮ್ಮ ಕಡೆ ದೊಡ್ಡ ಮನೆತನದ ಪಂಡಿತರು ಹೊಟ್ಟೆ ಹಸಿದ್ರೆ ಇಲ್ಲದ ತಾತನಿಗೆ ಸುಳ್ಳು ಎಡೆ ಇಡ್ತಿದ್ರಂತೆ, ನಿಜವಾ? ತಾವೊಬ್ರೇ ಒಳ್ಳೇದು ತಿಂದ್ರೆ ಅಕ್ಕಪಕ್ಕದೋರು ಹೊಟ್ಟೆ ಉರ್ಕೋತಾರೆ ಅಂತ?" ಅಂದಳು.

"ನಿಜ. ಸುಳ್ಳು ಎಡೆಯ ಅನ್ನ ಅಂತಲೇ ಅದಕ್ಕೆ ಹೆಸರು."

"ಹೆಣವೇ ಇಲ್ದೆ ತಿಥಿ! ಭೇಷ್!"

ಪಿಲ್‌ನ್ಯೊ ಅಕ್ಕ ಅವಳ ತೊಡೆಗೆ ಜೋರಾಗಿ ಚಿವುಟಿದಳು. ನಗು ನಿಂತಿತು. ಎಲ್ಲರೂ ತಲೆ ತಗ್ಗಿಸಿ ಮೀನು ಸೀಳತೊಡಗಿದರು. ನನ್ನ ತಲೆಯಲ್ಲಿ ಆ ಮಾತು ಕೂತಿತ್ತು. ಸುಳ್ಳು ಎಡೆ. ಎಡೆಯ ಅಡುಗೆಯೆಲ್ಲ ಇರುತ್ತದೆ, ಎಡೆ ಇರುವುದಿಲ್ಲ. ಅತ್ತೆಗೆ ಹಾಗೆಂದು ಹೇಳಬಹುದು.

ಎಡೆಗೆ ಮದ್ಯ ಸುರಿಯಲು ಗಂಡಸು ಬೇಕು. ನನಗೆ ಮಕ್ಕಳಿಲ್ಲ. ತೇಗ್ಯುವಿನ ಚಿಕ್ಕಪ್ಪನ ಮಗ ದುಕ್‌ಸಾಮ್ ಬಂದರಿನಲ್ಲಿ ಹಗ್ಗ ಹೊಸೆಯುತ್ತಿದ್ದ. ಅವನನ್ನು ಕೇಳಿದೆ.

"ಅತ್ತಿಗೆ, ದೊಡ್ಡಮ್ಮನಿಗೆ ಗೊತ್ತಾ?"

"ಗೊತ್ತಿದ್ರೆ ನಿನ್ನ ಕಾಲು ಹಿಡೀತಿದ್ನಾ?"

"ಬೇಡ ಅತ್ತಿಗೆ. ನನ್ನ ಕಾಲು ಮುರೀತಾಳೆ. ಅಣ್ಣ ನಾಳೆ ಬಂದ್ರೆ ಅಂತ ನಂಗೂ ಒಂದೊಂದ್ಸಲ..."

"ಬರ್ತಾನೇನೋ? ನನ್ನ ಮುಖ ನೋಡ್ಕೊಂಡು ಹೇಳು, ಬರ್ತಾನಾ?"

ಅವನು ಹಗ್ಗ ನೋಡಿದ. ನಾನು ಅಲ್ಲೇ ಉಗಿದು ಬಂದೆ. ಹೆಂಗಸು ಸುರಿದರೆ ಮದ್ಯವೇನು ನೀರಾಗುವುದಿಲ್ಲ, ನಾನೇ ಸುರಿಯುತ್ತೇನೆ ಅಂದುಕೊಂಡೆ.

ಆ ದಿನ ಬೆಳಗ್ಗೆಯೇ ಒಲೆ ಹಚ್ಚಿದೆ. ಬೆಟ್ಟದ ಹೂಗಿಡದ ಬಿಳಿ ಬೇರನ್ನು ಉಪ್ಪಿನಲ್ಲಿ ಹಿಸುಕಿ ಕಹಿ ತೆಗೆದೆ. ತವರಿನಿಂದ ಬಂದ ಒಣಗಿದ ಜರಿಗಿಡದ ಕುಡಿಯನ್ನು ನೆನೆಸಿ ಬೇಯಿಸಿದೆ. ಪಾಲಕ್ ಬೇಯಿಸಿ ನೀರು ಹಿಂಡಿದೆ. ಬಿಳಿ, ಕಂದು, ಹಸಿರು. ಬೇರು ಹಿಂದಿನವರದು, ಕಾಂಡ ನಮ್ಮದು, ಎಲೆ ಮುಂದಿನವರದು ಅಂತ ನನ್ನ ತಾಯಿ ಹೇಳುತ್ತಿದ್ದಳು. ನನ್ನ ಪಾಲಿಗೆ ಎಲೆ ಎಲ್ಲಿತ್ತು? ಆದರೂ ಪಾಲಕ್ ಹಾಕಿದೆ. ಉಪ್ಪು ಹಾಕಿದ ಶಾರ್ಕ್ ತುಂಡುಗಳನ್ನು ಕಡ್ಡಿಗೆ ಪೋಣಿಸಿ ಸುಟ್ಟೆ. ಮೂಲಂಗಿ, ಮಾಂಸ ಹಾಕಿ ತಿಳಿಸಾರು ಇಟ್ಟೆ. ಯಾವುದಕ್ಕೂ ಬೆಳ್ಳುಳ್ಳಿ ಸೋಕಿಸಲಿಲ್ಲ. ಬರೀ ಎಳ್ಳೆಣ್ಣೆ, ಉಪ್ಪು, ಸೋಯಾ ಸಾಸು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಮೂಗು ಅಗಲಿಸಿದಳು.

"ಏನೇ ಇದು?"

"ನಮ್ಮೂರ ಸುಳ್ಳು ಎಡೆಯ ಅನ್ನ. ತವರಿನ ನೆನಪಾಯ್ತು."

"ಇವತ್ತೇ ನೆನಪಾಯ್ತಾ?"

"ಕುಡಿ ನೆನೆಸಿಟ್ಟಿದ್ದೆ ಅತ್ತೆ. ಇನ್ನೆರಡು ದಿನ ಬಿಟ್ರೆ ಹಳಸುತ್ತೆ."

"ಹ್ಞಾ. ಸುಳ್ಳು ಎಡೆ." ನನ್ನ ಕೈಯನ್ನೇ ನೋಡುತ್ತಿದ್ದಳು. "ಉಪ್ಪು ಕಮ್ಮಿ ಹಾಕು. ಒಳನಾಡಿನವರು ಸಮುದ್ರವೇ ನೋಡ್ದೇ ಇರೋರಂಗೆ ಉಪ್ಪು ಸುರೀತೀರಿ."

ತೇಗ್ಯುವಿನ ಬಟ್ಟಲಿಗೆ ಮೊದಲ ಅನ್ನ ಹಾಕಿ ರಜಾಯಿಯಡಿ ಇಟ್ಟು, ಕೋಲು ತೆಗೆದುಕೊಂಡು ಹೋದಳು. ದಿನಾ ಮಧ್ಯಾಹ್ನ ಅವಳು ಸಮುದ್ರದ ಕೋಡುಗಲ್ಲಿನ ಮೇಲೆ ಹೋಗಿ ಕೂರುತ್ತಿದ್ದಳು. ಬಿಸಿಲು ಇಳಿಯುವವರೆಗೆ ಬರುತ್ತಿರಲಿಲ್ಲ. ಅದಕ್ಕೇ ನಾನು ಮಧ್ಯಾಹ್ನ ಇಟ್ಟುಕೊಂಡದ್ದು.

ಅವಳು ತಿರುವು ದಾಟಿದ ಕೂಡಲೇ ಎಡೆ ಇಡುವ ಕಾಲುಮಣೆ ತಂದೆ. ಒರೆಸಿದೆ. ಸೊಪ್ಪು, ಮೀನು, ಸಾರು, ಪೇರಳೆ ಇಟ್ಟೆ. ಬೇರೆ ಬಟ್ಟಲು ಹುಡುಕಿದೆ. ಆಮೇಲೆ ಕೋಪ ಬಂತು. ಬೇರೆ ಬಟ್ಟಲು ಯಾಕೆ? ರಜಾಯಿ ಎತ್ತಿ ಅವನ ಬಟ್ಟಲನ್ನೇ ತಂದೆ. ಮುಚ್ಚಳ ತೆಗೆದಾಗ ಹಬೆ ಬಂತು. ಚಮಚವನ್ನು ಅನ್ನದ ನಡುವೆ ನೆಟ್ಟಗೆ ನಿಲ್ಲಿಸಿದೆ. ಆ ಚಮಚ ನಿಂತಿರುವಷ್ಟು ಹೊತ್ತು ಸತ್ತವನು ಉಣ್ಣುತ್ತಿರುತ್ತಾನೆ. ಆಮೇಲೆ ಸಮುದ್ರದ ಕಡೆಯ ಬಾಗಿಲನ್ನು ಪೂರ್ತಿ ತೆರೆದೆ. ಬರುವವನಿಗೆ ದಾರಿ ಬೇಕಲ್ಲ. ಗಾಳಿ ಒಳಗೆ ನುಗ್ಗಿತು. ಮದ್ಯ ಸುರಿದು, ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದೆ.

"ಬಾರಯ್ಯ," ಅಂದೆ. "ತಡವಾಯ್ತು. ಉಣ್ಣು."

ಅಷ್ಟೇ ಅಂದದ್ದು. ಮೂರು ವರ್ಷದ ಅಳುವನ್ನು ಅಳಲು ಬಾಯಿ ತೆರೆದೆ.

ಅಂಗಳದಲ್ಲಿ ಕೋಲಿನ ಸದ್ದಾಯಿತು.

ಅತ್ತೆ ಹೊಸ್ತಿಲ ಮೇಲೆ ನಿಂತಿದ್ದಳು. ಉಸಿರು ಏರಿತ್ತು. ಓಡಿ ಬಂದಿದ್ದಳು, ಆ ವಯಸ್ಸಿನಲ್ಲಿ. "ಕಲ್ಲಿನ ಮೇಲಿಂದ ನಮ್ಮ ಮನೆ ಕಾಣ್ಸುತ್ತೆ ಕಣೇ," ಅಂದಳು. "ಇಂಥಾ ಚಳಿಗಾಳೀಲಿ ಬಾಗಿಲು ಯಾಕೆ ತೆಗ್ದೆ? ಸುಳ್ಳು ಎಡೆಗೆ ಬಾಗಿಲು ಯಾಕೆ?"

ಇದೊಂದು ನನಗೆ ಹೊಳೆದಿರಲಿಲ್ಲ. ಊರಿನವರ ಕಣ್ಣಿಗೆ ಬೀಳದ ಹಾಗೆ ಬೀದಿ ಬಾಗಿಲಿಗೆ ಅಗುಳಿ ಹಾಕಿದ್ದೆ. ಸಮುದ್ರದ ಕಡೆಯಿಂದ ನೋಡುವವಳು ಒಬ್ಬಳಿದ್ದಾಳೆ ಅನ್ನುವುದನ್ನು ಮರೆತಿದ್ದೆ.

"ಅತ್ತೆ, ಒಂದು ಗಳಿಗೆ. ಅವನು ಉಂಡು ಹೋಗ್ಲಿ. ಆಮೇಲೆ ನನ್ನ ಏನು ಬೇಕಾದ್ರೂ ಮಾಡಿ. ಕೈ ಮುಗೀತೀನಿ."

ಅವಳು ಎಡೆಯ ಕಡೆ ನೋಡಿದಳು. ಆ ಬಟ್ಟಲು, ಆ ಚಮಚ. ಒಂದು ಕ್ಷಣ ಅವಳೂ ಅಡ್ಡಬೀಳುತ್ತಾಳೆ ಅಂದುಕೊಂಡೆ. ಆದರೆ ತಿರುಗಿ ಹಿತ್ತಿಲಿಗೆ ಹೋದಳು. ಭರಣಿಯ ಮುಚ್ಚಳದ ಸದ್ದು ಕೇಳಿತು. ವಾಪಸು ಬಂದಾಗ ಕೈತುಂಬ ಹಿಂಡಿ. ಚಮಚವೂ ಇಲ್ಲ, ಬರೀ ಕೈ. ಮಣಿಕಟ್ಟಿನವರೆಗೆ ಕೆಂಪು.

ನಾನು ಬಟ್ಟಲನ್ನು ಮರೆಮಾಡಿ ಬಾಗಿದೆ. ಅವಳು ಭುಜದಿಂದ ನನ್ನನ್ನು ನೂಕಿದಳು. ಆ ಕೈಯನ್ನು ಬಿಳಿ ಅನ್ನಕ್ಕೆ ಇಳಿಸಿದಳು. ನಿಂತಿದ್ದ ಚಮಚ ಬಿತ್ತು. ಅನ್ನ, ಸೊಪ್ಪು, ಮೀನು, ಸಿಕ್ಕಿದ್ದನ್ನೆಲ್ಲ ಬಟ್ಟಲಿಗೆ ತುರುಕಿ ಕಲಸಿದಳು.

"ನನ್ನ ಮಗನಿಗೆ ಖಾರ ಇಷ್ಟ! ಸಪ್ಪೆ ತಿನ್ನೋನಲ್ಲ ಅವನು! ಬದುಕಿರೋ ಗಂಡಸು ಖಾರ ತಿಂತಾನೆ!"

ನನ್ನ ಬಾಯಿ ನನ್ನ ಹಿಡಿತದಲ್ಲಿರಲಿಲ್ಲ. ಅದು ಎಂದೂ ಇದ್ದದ್ದೂ ಇಲ್ಲ.

"ಓಡಿಸಿಬಿಟ್ರಲ್ಲ! ಮೂರು ವರ್ಷ ಹಸ್ಕೊಂಡು, ನೀರಿನಿಂದ ಎದ್ದು, ಮನೆ ಬಾಗಿಲಿಗೆ ಬಂದಿದ್ದ. ಚಮಚ ಕೈಗೆ ತಗೊಂಡಿದ್ದ. ಹೆತ್ತ ಮಗನ ಮುಖಕ್ಕೆ ಖಾರ ಎರಚಿ ಓಡಿಸಿಬಿಟ್ರಲ್ಲ! ಯಾವ ತಾಯಿ ಮಾಡ್ತಾಳೆ ಇದನ್ನ? ನಾಯೀನೂ ಮಾಡಲ್ಲ!"

ಅವಳ ಕೈ ನಿಂತಿತು.

ಏನಾದರೂ ಅನ್ನುತ್ತಾಳೆ, ಹೊಡೆಯುತ್ತಾಳೆ ಅಂತ ಕಾದೆ. ಅವಳು ಕೈಯನ್ನು ಬಟ್ಟಲಿನಿಂದ ಎತ್ತಿ ಅದನ್ನೇ ನೋಡುತ್ತ ಕೂತಳು. ಆಮೇಲೆ ತಲೆ ಎತ್ತಿ ತೆರೆದ ಬಾಗಿಲನ್ನು ನೋಡಿದಳು. ಹೊರಗೆ ಅಂಗಳ, ಬೊಂಡಾಸ್ ಒಣಹಾಕಿದ ಕೋಲುಗಳು, ಆಚೆ ಸಮುದ್ರ. ಯಾರೂ ಇರಲಿಲ್ಲ. ಬಹಳ ಹೊತ್ತು ನೋಡಿದಳು.

ನಾನು ಬಾಗಿಲು ಹಾಕಲಿಲ್ಲ, ಅವಳೂ ಹಾಕಲಿಲ್ಲ. ಮನೆಯೆಲ್ಲ ತಣ್ಣಗಾಯಿತು. ಸಂಜೆ ನಾನು ಎಡೆಯ ಸಾಮಾನನ್ನು ತೊಳೆದಿಟ್ಟೆ. ಆ ಕೆಂಪು ಅನ್ನವನ್ನು ಯಾರೂ ಮುಟ್ಟಲಿಲ್ಲ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೈಯನ್ನೂ ತೊಳೆದಿರಲಿಲ್ಲ.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿ ನೀರಿನ ಮಡಕೆಯ ಪಕ್ಕ ಕೂತಿದ್ದಳು. ಕೈಯನ್ನು ಬೂದಿ ಹಾಕಿ ಉಜ್ಜಿ ಉಜ್ಜಿ ಚರ್ಮ ಕಿತ್ತುಬಂದಿತ್ತು. ಖಾರ ಗೀರುಗಳಿಗೆ ಹತ್ತಿ ಬೆರಳೆಲ್ಲ ಊದಿತ್ತು. ಒಂದು ರಾತ್ರಿಯಲ್ಲಿ ಆ ಹೆಂಗಸು ಅಷ್ಟೊಂದು ಮುದುಕಿಯಾಗಿದ್ದಳು. ಕುತ್ತಿಗೆ ಎದೆಗೆ ಬಿದ್ದಿತ್ತು.

ನಾನು ಒಲೆ ಹಚ್ಚಿದೆ. ಇನ್ನೂ ಕುದಿಯುತ್ತಿದ್ದೆ. ಪಕ್ಕದ ಮನೆಯ ಕೋಣೆಯಲ್ಲಾದರೂ ಎಡೆ ಇಡುತ್ತೇನೆ, ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ, ಇವಳನ್ನು ಕಂಬಕ್ಕೆ ಕಟ್ಟಿಯಾದರೂ ಇಡುತ್ತೇನೆ ಅಂತ ಮನಸ್ಸಿನಲ್ಲೇ ಅನ್ನುತ್ತಿದ್ದೆ.

"ಇಮ್ಹಾದವಳೇ," ಅಂದಳು.

"ಏನು?"

"ಆ ಖಾರ... ಅವನ ಕಣ್ಣಿಗೆ ಹೋಗಿರುತ್ತಾ?"

ಕೈಯಲ್ಲಿದ್ದ ಸೌದೆ ಹಾಗೇ ಉಳಿಯಿತು.

ಮೂರು ವರ್ಷ ಈ ಮಾತಿಗೇ ಕಾದಿದ್ದೆ. ಮಗ ಸತ್ತ ಅಂತ ಅವಳ ಬಾಯಿಂದ ಬರಲಿ ಅಂತ. ಈಗ ಬಂದಿತ್ತು. ಹೌದು ಅತ್ತೆ, ಸತ್ತಿದ್ದಾನೆ, ಹಸಿದಿದ್ದಾನೆ, ಬನ್ನಿ ಇಬ್ಬರೂ ಸೇರಿ ಇಡೋಣ ಅಂದರೆ ಮುಗಿಯುತ್ತಿತ್ತು. ಆದರೆ ಹೌದು ಅಂದರೆ ಮಿಕ್ಕದ್ದೂ ಹೌದಾಗುತ್ತಿತ್ತು. ಬಾಗಿಲಿಗೆ ಬಂದಿದ್ದವನನ್ನು, ಕೈಯಲ್ಲಿ ಚಮಚ ಹಿಡಿದವನನ್ನು, ಈ ಕೈ ಓಡಿಸಿತು ಅನ್ನುವುದೂ ಹೌದಾಗುತ್ತಿತ್ತು. ಆ ಮಾತನ್ನು ಅವಳ ತಲೆಗೆ ಹೊಡೆದವಳು ನಾನೇ. ಅವಳು ಬೂದಿಯಲ್ಲಿ ಕೈ ಉಜ್ಜುತ್ತಲೇ ಇದ್ದಳು. ನಿಲ್ಲಿಸುತ್ತಿರಲಿಲ್ಲ.

"ಯಾರ ಕಣ್ಣಿಗೆ?" ಅಂದೆ.

"ತೇಗ್ಯು..."

"ಅವನೆಲ್ಲಿದ್ದ ಇಲ್ಲಿ? ಅವನು ಉತ್ತರದಲ್ಲಿ ಯಾರದೋ ಕಲ್ಲಿದ್ದಲು ಹೊರ್ತಾ ಇರ್ತಾನೆ. ಬದುಕಿರೋನು ಎಡೆ ತಿನ್ನೋಕೆ ಬರ್ತಾನಾ? ನನಗೆ ನಿನ್ನೆ ತಲೆ ಕೆಟ್ಟಿತ್ತು. ಬಾಗಿಲಲ್ಲಿ ಯಾರೂ ಇರ್ಲಿಲ್ಲ ಅತ್ತೆ."

"ಇರ್ಲಿಲ್ವಾ?"

"ಗಾಳಿ ಇತ್ತು."

"ನೀನು ನೋಡಿದ್ಯಾ?"

"ನೋಡ್ದೆ. ಯಾರೂ ಇಲ್ಲ. ಬದುಕವ್ನೆ."

ಅವಳು ನನ್ನ ಮುಖವನ್ನು ಹುಡುಕಿದಳು. ದುಕ್‌ಸಾಮ್ ಹಾಗೆ ನಾನು ತಲೆ ತಗ್ಗಿಸಲಿಲ್ಲ, ದಿಟ್ಟಿಸಿ ನೋಡಿದೆ. ನಂಬಿದಳೋ ಇಲ್ಲವೋ, ಈಗಲೂ ಗೊತ್ತಿಲ್ಲ. ಆದರೆ ಕೈ ಉಜ್ಜುವುದನ್ನು ನಿಲ್ಲಿಸಿದಳು. ನಾನು ಆ ಕೈಗೆ ಎಳ್ಳೆಣ್ಣೆ ಸವರಿದೆ.

ಅನ್ನ ಆಯಿತು. ಅವಳು ಏಳಲಿಲ್ಲ, ಏಳುವ ಶಕ್ತಿ ಇರಲಿಲ್ಲ. ಅಂದಿನಿಂದ ಆ ಕೆಲಸ ನನ್ನದಾಯಿತು. ತೇಗ್ಯುವಿನ ಬಟ್ಟಲನ್ನು ತೊಳೆದು, ಮೊದಲ ಅನ್ನ ಹಾಕಿದೆ. ಬದುಕಿದ್ದಾನೆ ಅಂತ ನನ್ನ ಬಾಯಿಂದಲೇ ಹೇಳಿದ ಮೇಲೆ ಇನ್ನು ಯಾವ ವರ್ಷದ ಯಾವ ಒಂಬತ್ತನೆಯ ದಿನ ನಾನು ಅವನನ್ನು ಉಣ್ಣಲು ಕರೆಯಲಿ? ಅತ್ತೆ ನೋಡುತ್ತಿದ್ದಳು. ಅವಳು ನೋಡಲಿ ಅಂತ ಭರಣಿಯಿಂದ ಒಂದು ಚಮಚ ಹಿಂಡಿ ತಂದು ಬಿಳಿ ಅನ್ನದ ಮೇಲೆ ಇಟ್ಟೆ. ಮುಚ್ಚಳ ಮುಚ್ಚಿದೆ. ಬೆಚ್ಚನೆಯ ಮೂಲೆಯಲ್ಲಿಟ್ಟು ರಜಾಯಿ ಹೊದಿಸಿದೆ.

ಆಮೇಲೆ ಹೋಗಿ ಸಮುದ್ರದ ಕಡೆಯ ಬಾಗಿಲನ್ನು ಹಾಕಿ, ಅಗುಳಿ ಜಡಿದೆ.